ಬ್ಯಾಟರಿ ಸೈಕಲ್ಲು ಎಷ್ಟು ದೂರ ಬರ್ತದ?

ಧಾರವಾಡದಿಂದ ಹುಬ್ಬಳ್ಳಿಗೆ ಸುಮಾರು 20 ಕಿಲೋಮೀಟರ್, ಹೋಗಿ ಬರಲಿಕ್ಕೆ 40. ನಮ್ಮ ತಮ್ಮ ದಿನಾ ಬ್ಯಾಟರಿ ಸೈಕಲ್ ಮ್ಯಾಲನ ಹೋಗಿ ಬರ್ತಾನ, ವಾಪಸ್ ಬರೂದು ರಾತ್ರಿ. ಬ್ಯಾಟರಿ 36 ವೋಲ್ಟ್, 10 ಆಂಪಿಯರ್-ಅವರ್, ಅಂದ್ರ 360 ವಾಟ್-ಅವರ್. ಬರೀ ಮೋಟರ್ ನಂಬಿ ಕಿಲೋಮೀಟರಿಗೆ 12 ಖರ್ಚು ಮಾಡಿದ್ರ 30ಕ್ಕ ಮುಗೀತದ. ಉಳಿದ 10 ಕಿಲೋಮೀಟರ್ ಆ ವಜ್ಜಾ ಸೈಕಲ್ಲನ್ನ ಕತ್ತಲದಾಗ ತುಳಕೋತ ಬರಬೇಕು. ಅವ್ವಗ ಅದರದ್ದ ಚಿಂತಿ.

ಈ ಚಿಂತಿ ಭಾಳ ಹಳೇದ್ರಿ. 1881ರಾಗ ಗುಸ್ತಾವ್ ತ್ರೂವೆ ಅನ್ನಾಂವ ಮೂರು ಗಾಲಿ ಸೈಕಲ್ಲಿಗೆ ಮೋಟರ್ ಹಚ್ಚಿ ಪ್ಯಾರಿಸ್ ಬೀದಿಯೊಳಗ ಓಡಿಸಿದ್ದ. 1895ರ ಡಿಸೆಂಬರ್ 31ಕ್ಕ ಅಮೆರಿಕದ ಆಗ್ಡನ್ ಬೋಲ್ಟನ್‌ಗ ಎರಡು ಗಾಲಿ ಸೈಕಲ್ಲಿನ ಪೇಟೆಂಟ್ ಸಿಕ್ಕಿತು. ಮೋಟರ್ ಹಿಂದಿನ ಗಾಲಿ ನಡುವ, ಬ್ಯಾಟರಿ ಚೌಕಟ್ಟಿನ ತ್ರಿಕೋನದಾಗ. ಇವತ್ತಿನ ಸೈಕಲ್ ನೋಡಿದ್ಹಂಗ ಅನಸ್ತದ! ಆದ್ರ ಅದು 10 ವೋಲ್ಟಿನ್ಯಾಗ 100 ಆಂಪಿಯರ್ ತನಕ ಎಳೀತಿತ್ತು, ಅಂದ್ರ 1000 ವಾಟ್. ನಮ್ಮ ಬ್ಯಾಟರಿ ಅದಕ್ಕ ಕೊಟ್ಟಿದ್ರ 22 ನಿಮಿಷಕ್ಕ ಖಾಲಿ.

ಎರಡು ವರ್ಷದ ಮ್ಯಾಲ, 1897ರಾಗ, ಜರ್ಮನಿಯ ಪಾಯ್ಕರ್ಟ್ ಒಂದು ಲೆಕ್ಕ ಹಾಕಿಕೊಟ್ಟ: ಸೀಸದ ಬ್ಯಾಟರಿಯಿಂದ ಎಷ್ಟು ಜೋರಲೆ ಎಳೀತೀರೋ, ಒಟ್ಟು ಸಿಗೂದು ಅಷ್ಟು ಕಡಿಮಿ. ಹುಣಸಿಹಣ್ಣು ನೆನಸಿ ಹಗೂರಕ ಕಿವುಚಿದ್ರ ಬರೂ ರಸ, ಗಡಬಡಿಸಿ ಹಿಂಡಿದ್ರ ಬರ್ತದೇನು? ಈಗಿನ ಲಿಥಿಯಂ ಬ್ಯಾಟರಿಗೆ ಈ ಕಾಟ ಅಷ್ಟಿಲ್ಲ. ಆದ್ರ ಗಾಳಿ ಬಿಟ್ಟಿಲ್ಲಲ್ಲ: 20ರ ಬದಲಿ 30ರ ವೇಗದಾಗ ಹೋದ್ರ, ಗಾಳಿ ಸೀಳಲಿಕ್ಕೆ ಪ್ರತಿ ಕಿಲೋಮೀಟರಿಗೆ ಎರಡೂ ಕಾಲು ಪಟ್ಟು ಶಕ್ತಿ ಬೇಕು.

ಲಿಥಿಯಂ ಬ್ಯಾಟರಿ 1991ರಾಗ ಸೋನಿ ಕಂಪನಿಯಿಂದ ಪ್ಯಾಟಿಗೆ ಬಂತು, ಅದರ ಹಿಂದಿನ ಮೂವರಿಗೆ 2019ರಾಗ ನೊಬೆಲ್ ಸಿಕ್ಕಿತು. ಎಲ್ಲಾರೂ ಅದನ್ನ ಹೊಗಳ್ತಾರ. ನಾ ಮಾತ್ರ ಅರ್ಧ ಶಾಬಾಸ್ಕಿ ಜಪಾನಿನ ಯಮಾಹಾಕ್ಕ ಕೊಡ್ತೀನಿ. 1993ರಾಗ ಅವರು ತಂದ ಪಾಸ್ ಸೈಕಲ್ಲಿನ್ಯಾಗ ಇನ್ನೂ ಸೀಸದ ಬ್ಯಾಟರಿನ ಇತ್ತು. ಹೊಸಾದು ಅಂದ್ರ, ಕಾಲು ಎಷ್ಟು ಜೋರು ಒತ್ತತದ ಅಂತ ಅಳದು, ಅಷ್ಟಕ್ಕ ತಕ್ಕಹಂಗ ಮೋಟರ್ ಕೈಗೂಡಸ್ತಿತ್ತು. ವೇಗ ಏರಿದಂಗ ಮೋಟರ್ ಹಿಂದ ಸರೀತಿತ್ತು. ನೀವು ತುಳೀಲಿಲ್ಲಂದ್ರ ಅದೂ ಸುಮ್ಮನ. ಬ್ಯಾಟರಿ ದೊಡ್ಡದು ಮಾಡಲಾರದ ದೂರ ಹೆಚ್ಚು ಮಾಡಿದ್ದು ಅಂದ್ರ ಇದು.

ತಮ್ಮನೂ ಹಂಗ ಮಾಡ್ತಾನ. ಸಿಗ್ನಲ್ಲಿನಿಂದ ಹೊರಡುವಾಗ ಮೊದಲ ನಾಲ್ಕು ತುಳಿತ ತನ್ನವು. ಏರಿನ್ಯಾಗ ಗಿಯರ್ ಇಳಸ್ತಾನ: ಸೈಕಲ್ ಸವಾರ ಕೂಡಿ 100 ಕಿಲೋ ಇದ್ರ, 100 ಮೀಟರ್ ಏರಲಿಕ್ಕೆ ಕಡಿಮಿ ಅಂದ್ರೂ 27 ವಾಟ್-ಅವರ್ ಬೇಕು, ಅದರಾಗ ಕಾಲಿನ ಪಾಲು ಹೆಚ್ಚಾದಷ್ಟು ಚಲೋ. ವಾರಕ್ಕೊಮ್ಮೆ ಗಾಲಿಗೆ ಗಾಳಿ. ಹಿಂಗ ಕಿಲೋಮೀಟರಿಗೆ 7ರಾಗ ಹೋದ್ರ 360 ವಾಟ್-ಅವರಿಗೆ 50 ದಾಟ್ತದ.

ಇನ್ನ ಬ್ಯಾಸಗಿ ಬಂತಂದ್ರ ಬ್ಯಾಟರಿ ತಗಡಿನ ಶೆಡ್ಡಿನ್ಯಾಗ ಬಿಡಬ್ಯಾಡ್ರಿ, ಕಾವಿಗೆ ಅದರ ಆಯುಷ್ಯ ಇಳೀತದ. ನಮ್ಮದು ಪಡಸಾಲ್ಯಾಗ, ತಂಪು ನೆಲದ ಮ್ಯಾಲ ಇರ್ತದ. ಅವ್ವ ಕಸಾ ಹೊಡಿಯೋವಾಗ ಅದನ್ನ ಬೈಕೋತ ಅತ್ತಾಗ ಸರಸ್ತಾಳ.