ಎಳೆಯರ ವ್ಯಾಕರಣ ಪಾಠದ ಚರಿತ್ರೆ: ತುಮಕೂರು ಸೀಮೆಯ ನೆಲೆಯಿಂದ

ಪ್ರಸ್ತಾವನೆ

ನಾಮಪದ, ಕ್ರಿಯಾಪದ, ವಿಭಕ್ತಿ, ಕಾಗುಣಿತ, ಒತ್ತಕ್ಷರ, ಅಲ್ಪವಿರಾಮ. ಪರೀಕ್ಷೆಯ ಮುನ್ನ ಮಕ್ಕಳು ಒಟ್ಟಿಗೇ ಪುನರಾವರ್ತನೆ ಮಾಡುವ ಈ ಪದಗಳು ಒಟ್ಟಿಗೇ ಹುಟ್ಟಿದವಲ್ಲ. ಶಾಸ್ತ್ರಗ್ರಂಥ, ಕೂಲಿಮಠ, ಅಚ್ಚುಕೂಟ ಎಂಬ ಮೂರು ನೆಲೆಗಳಿಂದ ಬೇರೆ ಬೇರೆ ಕಾಲದಲ್ಲಿ ಬಂದು ಪಠ್ಯಪುಸ್ತಕದಲ್ಲಿ ಕೂಡಿಕೊಂಡವು. ಈ ಕೂಡಿಕೆಯಲ್ಲಿ ತುಮಕೂರು ಸೀಮೆಗೂ ಪಾಲಿದೆ. ಅದನ್ನು ಗುರುತಿಸಿ, ಎಳೆಯರಿಗೆ ವ್ಯಾಕರಣವನ್ನು ಯಾವ ಕ್ರಮದಲ್ಲಿ ಕಲಿಸಬೇಕೆಂದು ವಿಚಾರಿಸುವುದು ಈ ಲೇಖನದ ಉದ್ದೇಶ.

ಶಾಸ್ತ್ರ ಮತ್ತು ಕೂಲಿಮಠ

ಹದಿಮೂರನೆಯ ಶತಮಾನದ ಕೇಶಿರಾಜನ ಶಬ್ದಮಣಿದರ್ಪಣದಲ್ಲಿ ಸಂಧಿ, ನಾಮ, ಸಮಾಸ, ತದ್ಧಿತ, ಆಖ್ಯಾತ, ಧಾತು, ಅಪಭ್ರಂಶ, ಅವ್ಯಯ ಎಂಬ ಎಂಟು ಪ್ರಕರಣಗಳಿವೆ. ಇಂದಿನ ಶಾಲಾ ವ್ಯಾಕರಣದ ಬಹುಪಾಲು ಪರಿಭಾಷೆಯ ಬೇರು ಇಲ್ಲಿದೆ. ಆದರೆ ಕೇಶಿರಾಜನ ಓದುಗ ಕಾವ್ಯ ರಚಿಸುವವನು, ಕಾವ್ಯ ಓದುವವನು. ಅಕ್ಷರ ತಿದ್ದುವ ಮಗುವಲ್ಲ. ವಾಕ್ಯಕ್ಕೆಂದೇ ಮೀಸಲಾದ ಪ್ರಕರಣ ಅಲ್ಲಿಲ್ಲದಿರುವುದೂ ಗಮನಾರ್ಹ.

ಮಗುವಿನ ಪಾಠ ನಡೆಯುತ್ತಿದ್ದುದು ಊರಿನ ಕೂಲಿಮಠದಲ್ಲಿ. ಮರಳಿನ ಮೇಲೆ ಬೆರಳಿಂದ ತಿದ್ದುವುದು, ಕಾಗುಣಿತವನ್ನು ರಾಗವಾಗಿ ಒಪ್ಪಿಸುವುದು, ಮಗ್ಗಿ ಹೇಳುವುದು, ಮುಂದೆ ಕಡತದ ಮೇಲೆ ಬಳಪದಿಂದ ಬರೆಯುವುದು ಅಲ್ಲಿನ ಕ್ರಮ. ಕಾಗುಣಿತ, ಒತ್ತು, ದೀರ್ಘ, ಸೊನ್ನೆ ಎಂಬ ಪದಗಳು ಈ ಬಳಕೆಯಲ್ಲಿ ಪಳಗಿದವು. ಹೀಗೆ ಶಾಸ್ತ್ರದ ಮಾತು ಪಂಡಿತರಲ್ಲಿಯೂ ಬರಹದ ಮಾತು ಮಠದಲ್ಲಿಯೂ ಬಹುಕಾಲ ಬೇರೆಬೇರೆಯಾಗಿ ಉಳಿದವು.

ಗುಬ್ಬಿಯಿಂದ ಅಚ್ಚಿನ ಪುಸ್ತಕಕ್ಕೆ

1837ರಲ್ಲಿ ವೆಸ್ಲಿಯನ್ ಮಿಷನ್ ಗುಬ್ಬಿಯಲ್ಲಿ ನೆಲೆ ಮಾಡಿತು. ಕುಣಿಗಲ್, ತುಮಕೂರುಗಳಿಗೂ ಅದರ ಕೆಲಸ ಹಬ್ಬಿತು. ಗುಬ್ಬಿಯಲ್ಲಿದ್ದ ಥಾಮಸ್ ಹಾಡ್ಸನ್, 1839ರಲ್ಲಿ ಅಲ್ಲಿಗೆ ಬಂದ ವಿಲಿಯಂ ಆರ್ಥರ್ ಇಬ್ಬರೂ ಕನ್ನಡವನ್ನು ಕಲಿಯಬೇಕಾದ ಪರಭಾಷಿಕರು. ಧರ್ಮಪ್ರಚಾರ ಅವರ ಗುರಿ. ಅದಕ್ಕೆ ಕಾವ್ಯಭಾಷೆಗಿಂತ ಜನರ ಆಡುಭಾಷೆಯೇ ಬೇಕಿತ್ತು. ಹಾಡ್ಸನ್ ಇಂಗ್ಲಿಷಿನಲ್ಲಿ ಬರೆದ ಪ್ರಾಥಮಿಕ ಕನ್ನಡ ವ್ಯಾಕರಣ 1859ರಲ್ಲಿ ಬೆಂಗಳೂರಿನಲ್ಲಿ ಅಚ್ಚಾಯಿತು. ವಿಲಿಯಂ ಕೇರಿಯ 1817ರ ವ್ಯಾಕರಣ, ಕೃಷ್ಣಮಾಚಾರ್ಯರ 1838ರ ಹೊಸಗನ್ನಡ ನುಡಿಗನ್ನಡಿ ಇದಕ್ಕೂ ಮೊದಲೇ ಬಂದಿದ್ದವು. ಹೊಸಗನ್ನಡವನ್ನೇ ವ್ಯಾಕರಣಕ್ಕೆ ಆಧಾರವಾಗಿ ಹಿಡಿದ ಈ ಸಾಲಿನಲ್ಲಿ, ಮೊದಲ ಮೆಟ್ಟಿಲಿನ ಕಲಿಯುವವನನ್ನು ಕಣ್ಣಮುಂದಿಟ್ಟುಕೊಂಡದ್ದು ಹಾಡ್ಸನ್ ಕೃತಿಯ ವಿಶೇಷ.

ಅಚ್ಚಿನೊಂದಿಗೆ ಪೂರ್ಣವಿರಾಮ, ಅಲ್ಪವಿರಾಮ, ಪ್ರಶ್ನಾರ್ಥಕ ಚಿಹ್ನೆಗಳೂ ಕನ್ನಡ ಬರಹಕ್ಕೆ ಬಂದವು. ಮೈಸೂರು ಸಂಸ್ಥಾನದಲ್ಲಿ 1857ರಲ್ಲಿ ವಿದ್ಯಾ ಇಲಾಖೆ ಸ್ಥಾಪನೆಯಾಯಿತು, 1868ರಲ್ಲಿ ಬಿ.ಎಲ್. ರೈಸ್ ಹೋಬಳಿ ಶಾಲೆಗಳ ಯೋಜನೆ ರೂಪಿಸಿದರು. ಹಳ್ಳಿಯ ಮಗುವಿನ ಕೈಗೆ ಅಚ್ಚಿನ ಪಾಠ ತಲಪುವ ದಾರಿ ಹೀಗೆ ತೆರೆಯಿತು.

ತೀರ್ಥಪುರದ ವಿದ್ವಾಂಸ

ಶಾಸ್ತ್ರವನ್ನೂ ಶಾಲೆಯನ್ನೂ ಬೆಸೆದವರಲ್ಲಿ ತೀ.ನಂ. ಶ್ರೀಕಂಠಯ್ಯನವರು ಮುಖ್ಯರು. 1906ರಲ್ಲಿ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ ಹುಟ್ಟಿದ ಅವರ ‘ಕನ್ನಡ ಮಧ್ಯಮ ವ್ಯಾಕರಣ’ ಹಲವು ತಲೆಮಾರುಗಳ ವಿದ್ಯಾರ್ಥಿಗಳಿಗೆ ಆಸರೆಯಾಯಿತು. ಭಾರತೀಯ ಕಾವ್ಯಮೀಮಾಂಸೆಯಂಥ ಪ್ರೌಢ ಕೃತಿ ಬರೆದ ವಿದ್ವಾಂಸರು ವಿದ್ಯಾರ್ಥಿಗಳಿಗಾಗಿ ವ್ಯಾಕರಣ ಬರೆದದ್ದು ಕನ್ನಡದ ಭಾಗ್ಯ.

ಉಳಿದ ಪ್ರಶ್ನೆ

ಸಂಸ್ಕೃತದ ಚೌಕಟ್ಟು ಮಾತ್ರ ಪಾಠದಲ್ಲಿ ಗಟ್ಟಿಯಾಗಿಯೇ ಉಳಿಯಿತು. ಪಂಚಮಿಗೆ ‘ದೆಸೆಯಿಂದ’ ಎಂದು ಮಕ್ಕಳು ಬಾಯಿಪಾಠ ಮಾಡುತ್ತಾರೆ. ಆದರೆ ‘ಮರದ ದೆಸೆಯಿಂದ ಹಣ್ಣು ಬಿತ್ತು’ ಎಂದು ಯಾರೂ ಆಡುವುದಿಲ್ಲ, ‘ಮರದಿಂದ’ ಎನ್ನುತ್ತಾರೆ. ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕೆಂದು ಡಿ.ಎನ್. ಶಂಕರಭಟ್ಟರು ವಾದಿಸಿದ್ದು ಇಂಥ ಕಾರಣಗಳಿಂದಲೇ.

ಅಕ್ಷರ ಕಲಿಕೆಯಲ್ಲಿ ಬದಲಾವಣೆ ಆಗಿದೆ. ನಲಿ-ಕಲಿ ತರಗತಿಗಳಲ್ಲಿ ವರ್ಣಮಾಲೆಯ ಕ್ರಮ ಬಿಟ್ಟು ರ, ಗ, ಸ, ದ, ಅ ಮೊದಲಾದ ಗುಂಪುಗಳಲ್ಲಿ ಅಕ್ಷರ ಕಲಿಸುತ್ತಾರೆ. ಮಗು ಬೇಗನೆ ‘ಸರ’, ‘ಅರಸ’ ಎಂದು ಓದತೊಡಗುತ್ತದೆ. ವ್ಯಾಕರಣಕ್ಕೂ ಇದೇ ಧೈರ್ಯ ಬೇಕು. ಕುಣಿಗಲ್ ಕಡೆಯ ಹಳ್ಳಿಯ ಮಗು ‘ನಾನು ಓಯ್ತೀನಿ, ನೀನು ಓಯ್ತೀಯ, ಅವನು ಓಯ್ತಾನೆ’ ಎನ್ನುವಾಗ ಕರ್ತೃವಿಗೆ ತಕ್ಕಂತೆ ಕ್ರಿಯಾಪದವನ್ನು ಬದಲಿಸುತ್ತಲೇ ಇರುತ್ತದೆ. ನಿಯಮ ಮಗುವಿನ ನಾಲಿಗೆಯಲ್ಲಿದೆ. ಮೇಷ್ಟ್ರು ಕೊಡಬೇಕಾದದ್ದು ಅದರ ಹೆಸರನ್ನು, ಬರಹದ ರೂಪವನ್ನು.

ಸಮಾರೋಪ

ಪರಿಭಾಷೆ ಬೆಳೆದ ಕ್ರಮವೇ ಒಂದು ಪಾಠ ಹೇಳುತ್ತದೆ. ಕೇಶಿರಾಜನಿಗೆ ಕವಿಗಳ ಪ್ರಯೋಗ ಆಧಾರವಾಯಿತು, ಹಾಡ್ಸನ್‌ಗೆ ತನ್ನ ಕಾಲದ ಕನ್ನಡ. ಇಬ್ಬರಲ್ಲೂ ಬಳಕೆ ಮೊದಲು, ಲಕ್ಷಣ ಆಮೇಲೆ. ನಮ್ಮ ತರಗತಿಗಳಲ್ಲಿ ಇದು ತಿರುವುಮುರುವಾಗಿದೆ. ಪ್ರಾಥಮಿಕ ಶಾಲೆಯ ಶಿಕ್ಷಕರು ಮಗುವಿನ ಮಾತಿನಿಂದಲೇ ಉದಾಹರಣೆ ಎತ್ತಿಕೊಂಡು, ಕೊನೆಯಲ್ಲಿ ಪಾರಿಭಾಷಿಕ ಪದವನ್ನು ಹೇಳಲಿ; ಪಠ್ಯಪುಸ್ತಕ ರಚಿಸುವವರು ಅದಕ್ಕೆ ಎಡೆ ಮಾಡಿಕೊಡಲಿ.