ಅಡಿಕೆ ಮರಕ್ಕೆ ಹಬ್ಬಿದ ಔಷಧಿ

ಆಟಿ ಅಮಾವಾಸ್ಯೆಯ ಬೆಳಗು ಮಂಗಳೂರಿನ ಮನೆಗಳಲ್ಲಿ ಹಾಲೆ ಮರದ ತೊಗಟೆಯ ಕಷಾಯ ಕುಡಿಯುವ ಹೊತ್ತು. ತೊಗಟೆಯನ್ನು ನಸುಕಿಗೇ ಹೋಗಿ, ಕತ್ತಿ ತಾಗಿಸದೆ ಕಲ್ಲಿನಿಂದ ಜಜ್ಜಿ ತರುವುದು ರೂಢಿ. ಅದರ ರಸಕ್ಕೆ ಬೆಳ್ಳುಳ್ಳಿ, ಒಳ್ಳೆಮೆಣಸು ಅರೆದು ಸೇರಿಸಿ, ಕೆಂಡದಲ್ಲಿ ಕಾಯಿಸಿದ ಬಿಳಿಕಲ್ಲನ್ನು ಹಾಕಿದರೆ ಚುಂಯ್ ಎಂದು ಹಬೆ ಏಳುತ್ತದೆ. ಹಾಲೆ ಗುಡ್ಡದ ಮರ. ಒಳ್ಳೆಮೆಣಸು ತೋಟದ್ದು, ಅಡಿಕೆ ಮರವನ್ನು ಅಪ್ಪಿಕೊಂಡು ಬೆಳೆದದ್ದು.

ಒಳ್ಳೆಮೆಣಸಿಗೆ, ಅಂದರೆ ಕಾಳುಮೆಣಸಿಗೆ, ತುಳುವಿನಲ್ಲಿ ‘ಎಡ್ಡೆ ಮುಂಚಿ’ ಎನ್ನುತ್ತಾರೆ; ಎಡ್ಡೆ ಎಂದರೆ ಒಳ್ಳೆಯ. ಕಡಲಾಚೆಯಿಂದ ಮೆಣಸಿನಕಾಯಿ ಬಂದ ಮೇಲೂ ‘ಒಳ್ಳೆಯದು’ ಎಂಬ ಹೆಸರು ಈ ಕಾಳಿಗೇ ಸಂದಿದೆ.

ಅಡಿಕೆ, ಮೆಣಸು ಎಂಬ ಈ ಜೋಡಿ ಬೆಳೆಯ ಸರಕು ಬಂದರಿಗೆ ಇಳಿದ ಕತೆಯೂ ಹಳೆಯದು. 12ನೇ ಶತಮಾನದಲ್ಲಿ ಸುಮಾರು 17 ವರ್ಷ ಮಂಗಳೂರಿನಲ್ಲಿ ನೆಲೆಸಿದ್ದ ಯೆಹೂದಿ ವ್ಯಾಪಾರಿ ಅಬ್ರಹಾಂ ಬೆನ್ ಯಿಜು ಏಡನ್ ಬಂದರಿಗೆ ಕಳಿಸುತ್ತಿದ್ದ ಸರಕುಗಳಲ್ಲಿ ಕಾಳುಮೆಣಸೂ ಇತ್ತು, ಅಡಿಕೆಯೂ ಇತ್ತು. ಕೈರೋದ ಹಳೆಯ ಸಿನಗಾಗ್‌ನಲ್ಲಿ ಉಳಿದ ಪತ್ರಗಳು ಇದನ್ನು ಹೇಳುತ್ತವೆ. 1342ರ ಸುಮಾರಿಗೆ ಮಂಗಳೂರಿಗೆ ಬಂದ ಪ್ರವಾಸಿ ಇಬ್ನ್ ಬತೂತ ಇಲ್ಲಿ ಮೆಣಸು, ಶುಂಠಿ ಹೇರಳವೆಂದು ಬರೆದ.

ಅಡಿಕೆಯನ್ನು ಸಾಮಾನ್ಯವಾಗಿ ಒಂಬತ್ತು ಅಡಿಗೊಂದರಂತೆ ನೆಡುತ್ತಾರೆ. ಮರ ಮೇಲೇರಿದಂತೆ ಸೋಗೆಗಳ ನಡುವಿನಿಂದ ಬಿಸಿಲು ಚೂರುಚೂರಾಗಿ ನೆಲಕ್ಕೆ ಬೀಳುತ್ತದೆ. ಎಳೆ ಬಳ್ಳಿಯನ್ನು ಕಾಂಡಕ್ಕೆ ಕಟ್ಟಿದರೆ ಸಾಕು, ಗಂಟುಗಂಟಿನ ಬೇರುಗಳು ತಾವೇ ಹಿಡಿದುಕೊಳ್ಳುತ್ತವೆ. ಬುಡದ ತಂಪಿನಲ್ಲಿ ಶುಂಠಿ, ಅರಿಶಿನ, ಹಿಪ್ಪಲಿ. ಆಯುರ್ವೇದದ ತ್ರಿಕಟುವಿನ ಮೂರೂ ದ್ರವ್ಯಗಳು, ಅಂದರೆ ಶುಂಠಿ, ಮೆಣಸು, ಹಿಪ್ಪಲಿ, ಒಂದೇ ತೋಟದಲ್ಲಿ ಸಿಗುತ್ತವೆ.

ಅಜ್ಜಂದಿರ ಈ ತಿಳಿವಳಿಕೆಯನ್ನು ವಿಜ್ಞಾನಿಗಳೂ ಒರೆಗೆ ಹಚ್ಚಿದರು. ಬಂಟ್ವಾಳ ತಾಲೂಕಿನ ವಿಟ್ಲದಲ್ಲಿ 1956ರಿಂದ ಅಡಿಕೆ ಸಂಶೋಧನಾ ಕೇಂದ್ರವಿದೆ. 2004ರಿಂದ 2007ರವರೆಗೆ ಅಲ್ಲಿನ ಅಡಿಕೆ ತೋಟದಲ್ಲಿ ಶತಾವರಿ, ಲಾವಂಚ, ಹಿಪ್ಪಲಿ, ಬ್ರಾಹ್ಮಿ, ಮಜ್ಜಿಗೆ ಹುಲ್ಲು ಮೊದಲಾದ ಗಿಡಗಳನ್ನು ಸಾವಯವ ಕ್ರಮದಲ್ಲಿ ಬೆಳೆದು ನೋಡಿದರು. ಹೂಡಿದ ರೂಪಾಯಿಗೆ ಹೆಚ್ಚು ಆದಾಯ ತಂದದ್ದು ಮಜ್ಜಿಗೆ ಹುಲ್ಲು. ಅದರ ಹಿಂದೆಯೇ ಬ್ರಾಹ್ಮಿ.

ಬೆಳೆದದ್ದನ್ನು ಕೊಳ್ಳುವವರೂ ಬೇಕು. ಅಡಿಕೆಯ ಬೆಲೆ ಬಿದ್ದು ಬೆಳೆಗಾರರು ಕಂಗೆಟ್ಟಿದ್ದಾಗ, 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಹುಟ್ಟಿತು. ಕರ್ನಾಟಕ, ಕೇರಳದ ಬೆಳೆಗಾರರ ಈ ಸಹಕಾರಿ ಸಂಸ್ಥೆ ಮುಂದೆ ಕಾಳುಮೆಣಸನ್ನೂ ಕೊಳ್ಳತೊಡಗಿತು. ಬೆನ್ ಯಿಜುವಿನ ಲೆಕ್ಕದಲ್ಲಿ ಜೊತೆಗಿದ್ದ ಎರಡು ಸರಕುಗಳು ಅದೇ ಊರಿನ ಗೋದಾಮಿನಲ್ಲಿ ಮತ್ತೆ ಜೊತೆಯಾದವು. ಬ್ರಾಹ್ಮಿಗೂ ಶತಾವರಿಗೂ ಇಷ್ಟೇ ಗಟ್ಟಿಯಾದ ಖರೀದಿ ಒದಗಿದರೆ, ವಿಟ್ಲದಲ್ಲಿ ಒರೆಗೆ ಹಚ್ಚಿದ ಗಿಡಗಳು ಸುತ್ತಲಿನ ತೋಟಗಳಿಗೂ ಇಳಿದಾವು.