ಗುಮಾಸ್ತರ ಮೇಜೂ ಗಣಕಯಂತ್ರದ ನೆನಪೂ

ಚನ್ನಗಿರಿ, ಹೊನ್ನಾಳಿ, ಜಗಳೂರುಗಳ ತಾಲ್ಲೂಕು ಕಚೇರಿಗಳಲ್ಲಿ ಜಮೀನಿನ ಹಳೆಯ ಕಾಗದದ ನಕಲು ಕೇಳಹೋದವರಿಗೆ ರೆಕಾರ್ಡ್ ರೂಮಿನ ಪರಿಚಯವುಂಟು. ಬೀರುವಿನಿಂದ ದಫ್ತರವನ್ನು ಇಳಿಸಿ, ಗಂಟು ಬಿಚ್ಚಿ, ಹಾಳೆ ಹುಡುಕುವಷ್ಟರಲ್ಲಿ ಹೊತ್ತು ಏರುತ್ತಿತ್ತು. ಅನುಭವಸ್ಥ ಗುಮಾಸ್ತರು ಪದೇ ಪದೇ ಬೇಕಾಗುವ ದಫ್ತರಗಳನ್ನು ತಮ್ಮ ಮೇಜಿನ ಮೇಲೆಯೇ ಇರಿಸಿಕೊಳ್ಳುತ್ತಿದ್ದರು. ಆದರೆ ಮೇಜೆಲ್ಲ ದಫ್ತರವೇ ಆದರೆ ಬರೆಯುವುದಕ್ಕೆ ಜಾಗವೆಲ್ಲಿ?

ದೊಡ್ಡ ಗಣಕಯಂತ್ರಗಳ ಚರಿತ್ರೆಯಲ್ಲಿಯೂ ಇದೇ ಪ್ರಶ್ನೆ ಬಹುಕಾಲ ಕಾಡಿತು. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಎಂಬವರು ಯೂನಿಕ್ಸ್ ಎಂಬ ಕಾರ್ಯವ್ಯವಸ್ಥೆಯನ್ನು ಆರಂಭಿಸಿದರು. ಅಲ್ಲಿ ತಿರುಗುವ ಡಿಸ್ಕೇ ರೆಕಾರ್ಡ್ ರೂಮು, ಮೆಮೊರಿಯೇ ಮೇಜು. ಡಿಸ್ಕಿನಿಂದ ಒಂದು ಹಾಳೆ ತರುವ ಹೊತ್ತಿನಲ್ಲಿ ಮೆಮೊರಿಯಿಂದ ಸಾವಿರಾರು ಹಾಳೆ ತರಬಹುದು. ಆದುದರಿಂದ ಒಮ್ಮೆ ತಂದುದನ್ನು ಮೆಮೊರಿಯಲ್ಲಿಯೇ ಉಳಿಸಿಕೊಳ್ಳುವ ಏರ್ಪಾಡು ಮಾಡಿದರು. ಇಂಥ ಏರ್ಪಾಡಿಗೆ ಕ್ಯಾಷ್ ಎಂದು ಹೆಸರು. ಬಚ್ಚಿಡು ಎಂಬರ್ಥದ ಫ್ರೆಂಚ್ ಧಾತುವಿನಿಂದ ಬಂದ ಮಾತು.

1975ರ ಆರನೆಯ ಆವೃತ್ತಿಯ ಯೂನಿಕ್ಸಿನಲ್ಲಿ ಈ ಮೇಜಿಗೆ ಇದ್ದುದು 15 ಖಾನೆ. ಖಾನೆಯೊಂದರಲ್ಲಿ 512 ಅಕ್ಷರ. ಒಟ್ಟು 7,680 ಅಕ್ಷರ, ಅಷ್ಟೆ. ಜಾಗ ಸಾಲದಾದಾಗ ಬಹಳ ಹೊತ್ತು ಯಾರೂ ಕೇಳದಿದ್ದುದು ಮೊದಲು ಹೊರಡಬೇಕು. ತಿದ್ದಿದ ಹಾಳೆಗಳನ್ನು 30 ಸೆಕೆಂಡಿಗೊಮ್ಮೆ ಡಿಸ್ಕಿಗೆ ಒಪ್ಪಿಸುವುದು ವಾಡಿಕೆ. ಅಷ್ಟರೊಳಗೆ ಕರೆಂಟು ಹೋದರೆ ತಿದ್ದುಪಡಿ ಹೋಯಿತೆಂದೇ ಅರ್ಥ.

ಮೆಮೊರಿ ಅಗ್ಗವಾದಂತೆ ಮೇಜೂ ಹಿಗ್ಗಿತು. 1988ರಲ್ಲಿ ಸನ್ ಕಂಪನಿಯ ಸನ್‌ಓಎಸ್ 4 ಬಂದಾಗ ಫೈಲುಗಳಿಗೆಂದು ಬೇರೆ ಮೇಜೇ ಉಳಿಯಲಿಲ್ಲ. ಖಾಲಿ ಇದ್ದ ಮೆಮೊರಿಯೆಲ್ಲ ಅದಕ್ಕೇ. ಅನುಕೂಲವೇನೋ ಆಯಿತು. ಆದರೆ ದೊಡ್ಡ ಸರ್ವರುಗಳಲ್ಲಿ ಹೊಸ ತೊಡಕು ತಲೆದೋರಿತು. ರಾತ್ರಿ ಎಲ್ಲ ಫೈಲುಗಳ ನಕಲು ತೆಗೆಯುವ ಕೆಲಸ ನಡೆದಾಗ, ಮತ್ತೆ ಯಾರೂ ಕೇಳದ ಹಾಳೆಗಳು ಬಂದು ಮೆಮೊರಿಯನ್ನು ತುಂಬಿದವು. ಜನರು ನಡೆಸುತ್ತಿದ್ದ ಕೆಲಸಗಳನ್ನು ಡಿಸ್ಕಿಗೆ ತಳ್ಳಿದವು. ಬೆಳಗ್ಗೆ ಬಂದವರು ಪರದೆಯ ಮುಂದೆ ಕಾದು ಕುಳಿತರು.

ಆಗ ಮಿತಿ ಕಟ್ಟುವ ವಿದ್ಯೆ ಬೆಳೆಯಿತು. ಎಚ್‌ಪಿ ಕಂಪನಿಯ ಯೂನಿಕ್ಸಿನಲ್ಲಿ ಫೈಲುಗಳ ಪಾಲು ಮೆಮೊರಿಯ ಶೇಕಡಾ 50ರ ವರೆಗೆ ಹೋಗಬಹುದೆಂಬ ಗೊತ್ತು ಬಹುಕಾಲ ಇತ್ತು. 64 ಗಿಗಾಬೈಟಿನ ಯಂತ್ರದಲ್ಲಿ ಅದು 32 ಗಿಗಾಬೈಟಾಗುತ್ತದೆ. ದತ್ತಸಂಚಯ ನಡೆಸುವ ಯಂತ್ರವಾದರೆ ಈ ಪಾಲು ದಂಡವೇ ಸರಿ; ಏಕೆಂದರೆ ದತ್ತಸಂಚಯವು ತನ್ನದೇ ಮೇಜು ಇಟ್ಟುಕೊಂಡಿರುತ್ತದೆ, ಒಂದೇ ಹಾಳೆ ಎರಡು ಕಡೆ ಬೀಳುತ್ತದೆ. ಬಲ್ಲವರು ಆ ಮಿತಿಯನ್ನು ಬಹಳ ಕೆಳಗಿಳಿಸುತ್ತಿದ್ದರು. 2000ದ ಸೊಲಾರಿಸ್ 8 ಫೈಲಿನ ಹಾಳೆಗಳನ್ನು ಬೇರೆ ಸಾಲಿನಲ್ಲಿಟ್ಟು, ಜಾಗ ಬೇಕಾದಾಗ ಮೊದಲು ಅವನ್ನೇ ತೆರವು ಮಾಡಿಸಿತು.

ಎಷ್ಟು ಕೊಡಬೇಕೆಂಬುದನ್ನು ಊಹೆಯಿಂದ ಹೇಳಲಾಗದು. ಕೇಳಿದ 100 ಹಾಳೆಗಳಲ್ಲಿ ಎಷ್ಟು ಮೇಜಿನ ಮೇಲೆಯೇ ಸಿಕ್ಕವು ಎಂಬ ಲೆಕ್ಕವನ್ನು ಯಂತ್ರವೇ ಒಪ್ಪಿಸುತ್ತದೆ. ಆ ಲೆಕ್ಕ 95 ಇದ್ದರೂ, ನಡೆಯುವ ಕೆಲಸಗಳು ಮೆಮೊರಿ ಬಿಟ್ಟು ಡಿಸ್ಕಿಗೆ ಓಡುತ್ತಿದ್ದರೆ ಮೇಜು ಅತಿಯಾಯಿತೆಂದೇ ತಿಳಿಯಬೇಕು. ಎರಡು ಲೆಕ್ಕಗಳನ್ನೂ ಒಟ್ಟಿಗೆ ನೋಡಬೇಕು.

ಭೂಮಿ ಯೋಜನೆಯಿಂದ ನಮ್ಮ ಪಹಣಿಗಳೂ ಗಣಕಯಂತ್ರವನ್ನು ಸೇರಿ ಎರಡು ದಶಕಗಳು ಸಂದವು. ಹೊನ್ನಾಳಿಯಿಂದ ಬೇರೆಯಾಗಿ 2018ರಲ್ಲಿ ತಾಲ್ಲೂಕಾದ ನ್ಯಾಮತಿಯ ರೈತನು ಇಂದು ಕಿಟಕಿಯ ಮುಂದೆ ನಿಂತರೆ ಹಾಳೆ ಬೇಗ ಕೈಗೆ ಬರುತ್ತದೆ. ಒಳಗಿನ ಯಂತ್ರ ಯಾವ ಹೆಸರಿನದೇ ಇರಲಿ, ಯಾವ ದಫ್ತರವನ್ನು ಮೇಜಿನ ಮೇಲಿಡಬೇಕು, ಯಾವುದನ್ನು ಬೀರುವಿಗೆ ಕಳುಹಿಸಬೇಕು ಎಂಬ ಹಳೆಯ ಗುಮಾಸ್ತರ ಲೆಕ್ಕವನ್ನು ಅದೂ ಕ್ಷಣಕ್ಷಣವೂ ಹಾಕುತ್ತಲೇ ಇರುತ್ತದೆ.